ಒನ್ಸ್ ಮೋರ್ ಎಂದವರು ಯಾರು?

ಮನೆಗೆ ಬಂದ ನೆಂಟರು ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡರೆ ನನ್ನ ಹೆಂಡತಿ ಹಿಗ್ಗುತ್ತಾಳೆ, ನಾನು ಅನುಮಾನಿಸುತ್ತೇನೆ. ಅದು ಹಸಿವೋ, ದಾಕ್ಷಿಣ್ಯವೋ, ಆಮೇಲೆ ಏನನ್ನೋ ಕೇಳಲು ಹಾಕಿಕೊಂಡ ಪೀಠಿಕೆಯೋ ಎಂದು ಅವರ ಮುಖವನ್ನೇ ದಿಟ್ಟಿಸುತ್ತ ಕೂರುವ ನನಗೆ ಉಪ್ಪಿಟ್ಟಿನ ರುಚಿ ತಿಳಿಯುವುದೇ ಇಲ್ಲ. ಇಂಥ ಶಂಕಾಪಿಶಾಚಿಯನ್ನು ಶಿಕಾರಿಪುರದ ಹವ್ಯಾಸಿ ತಂಡದವರು ತಮ್ಮ ಸಂಗೀತ ನಾಟಕಕ್ಕೆ ಹಾಡು ಬರೆಯಲು ಕರೆದರೆಂದರೆ, ಓದುಗ ಮಹಾಶಯರೇ, ಅವರ ಧೈರ್ಯವನ್ನು ನೀವು ಮೆಚ್ಚಲೇಬೇಕು.

ನಾಟಕ ಆಡುವವರಿಗಿಂತ ಆಡಿಸುವವರೇ ದೊಡ್ಡ ನಟರೆಂಬ ಜ್ಞಾನೋದಯ ನನಗೆ ತಾಲೀಮಿನಲ್ಲೇ ಆಯಿತು. ನಿರ್ದೇಶಕ ಬಸಪ್ಪ ಮೇಷ್ಟ್ರು, ಹಾರ್ಮೋನಿಯಂ ಹಿಡಿದು ರಾಗ ಕೂಡಿಸುವ ಗೊಬ್ಬರದ ಅಂಗಡಿಯ ಚನ್ನವೀರಣ್ಣ, ವೇಷಭೂಷಣದ ಹೊಣೆ ಹೊತ್ತ ಟೈಲರ್ ಶೈಲಕ್ಕ, ಈ ಮೂವರೂ ಚಹಾ ಕುಡಿಯುತ್ತ ಪಿಸುಗುಟ್ಟುತ್ತಿದ್ದಲ್ಲಿಗೆ ನಾನು ಹೋದರೆ ಮಾತು ತಟ್ಟನೆ ಮಳೆ ಬೆಳೆಗೆ ತಿರುಗುತ್ತಿತ್ತು. ನನ್ನ ಹಾಡುಗಳ ಮೇಲೇ ಏನೋ ಮಸಲತ್ತು ನಡೆದಿದೆಯೆಂಬ ನನ್ನ ಸಂಶಯಕ್ಕೆ ಆಧಾರವಿರಲಿಲ್ಲವೆನ್ನಬೇಡಿ. ನಾಟಕ ಉದ್ದವಾಯಿತೆಂದು ಮೇಷ್ಟ್ರು ಒಂದು ಕಟ್ಟಳೆ ಮಾಡಿದ್ದರು: ಮೊದಲ ಮೂರು ಪ್ರದರ್ಶನಗಳಲ್ಲೂ ‘ಒನ್ಸ್ ಮೋರ್’ ಗಿಟ್ಟಿಸಿದ ಹಾಡು ಉಳಿಯುತ್ತದೆ, ಮಿಕ್ಕವಕ್ಕೆ ಕತ್ತರಿ. ಪ್ರೇಕ್ಷಕರು ಒನ್ಸ್ ಮೋರ್ ಎಂದರೆ ಸತ್ತು ಬಿದ್ದ ರಾಜನೂ ಎದ್ದು, ಹಾಡಿ, ಮತ್ತೊಮ್ಮೆ ಸಾಯಬೇಕಾದದ್ದು ನಮ್ಮ ಕಡೆಯ ರಂಗಧರ್ಮ. ಪಹಣಿಗಾಗಿ ಅಣ್ಣಂದಿರು ಕಾದಾಡುವಾಗ ತಂಗಿ ತವರನ್ನು ತೊರೆದು ಹೋಗುತ್ತ ಹಾಡುವ ಹಾಡೊಂದಿತ್ತು. ನಾನು ಇಷ್ಟು ವರ್ಷ ಗೀಚಿದ್ದರಲ್ಲೆಲ್ಲ ನನಗೆ ನಾಚಿಕೆ ತರದ ಹಾಡು ಅದೊಂದೇ; ಅದು ಹೋದರೆ ನಾನು ಬರೆದೂ ಬರೆಯದವನಂತೆ.

ಶಿಕಾರಿಪುರದಲ್ಲಿ ಆ ಹಾಡು ಮುಗಿಯುತ್ತಲೇ ಹಿಂದಿನ ಸಾಲಿನಿಂದ ಗುಡುಗಿನಂಥ ಒನ್ಸ್ ಮೋರ್ ಬಂತು. ಹಿಗ್ಗಿ ಹೀರೇಕಾಯಿಯಾದೆ. ಸೊರಬದಲ್ಲಿಯೂ ಬಂತು, ಆದರೆ ಅದೇ ಗಂಟಲು, ಕೂಗುವ ಮುನ್ನ ಅದೇ ಕೆಮ್ಮು! ಪತ್ತೇದಾರಿಕೆಗೆ ಹೆಚ್ಚು ಶ್ರಮವಾಗಲಿಲ್ಲ. ಆ ಗಂಟಲಿನ ಒಡೆಯ ಚನ್ನವೀರಣ್ಣನ ಅಂಗಡಿಯಲ್ಲಿ ಮೂಟೆ ಹೊರುವ ಹಾಲಪ್ಪ. ಕೇಳಿದರೆ ಚನ್ನವೀರಣ್ಣ ಒಂದಿಷ್ಟೂ ಅಳುಕಲಿಲ್ಲ.

“ನಿಮ್ ಪದ ಉಳೀಲಿ ಅಂತ ನಾನೂ ಶೈಲಕ್ಕನೂ ಸೇರಿ ಮಾಡಿದ್ದು. ತಪ್ಪೇನ್ರೀ?”

ತಪ್ಪಲ್ಲ, ಆದರೆ ಅವಮಾನ. ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು, ಏಕೆಂದರೆ ಹಾಡಿನ ನಿಜವಾದ ಬೆಲೆ ನನಗಿನ್ನೂ ಗೊತ್ತಾಗಿರಲೇ ಇಲ್ಲ. ಮೂರನೆಯದಾದ ಆನವಟ್ಟಿಯ ಆಟಕ್ಕೆ ಹಾಲಪ್ಪ ಬರಕೂಡದೆಂದು ಅವರಿಬ್ಬರಿಂದಲೂ ಆಣೆ ಮಾಡಿಸಿಕೊಂಡೆ. ಆ ಆಣೆಯ ಮೇಲೂ ನಂಬಿಕೆಯಿಲ್ಲದೆ ಕಾವಲಿಗೆಂದು ಸಭಿಕರ ನಡುವೆಯೇ ಕುಳಿತೆ.

ತಂಗಿ ಹಾಡಿದಳು, ಹೊಸಿಲು ದಾಟಿದಳು. ಯಾರೂ ಕೂಗಲಿಲ್ಲ. ಚಪ್ಪಾಳೆಯೂ ಇಲ್ಲ. ಬರಿದಾದ ರಂಗವನ್ನೇ ನೋಡುತ್ತ ಕುಳಿತೆ. ಹಾಡು ಹೋಯಿತು ಎಂದುಕೊಂಡೆ. ಪಕ್ಕದಲ್ಲಿದ್ದ ನಡುವಯಸ್ಸಿನ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ತಡೆಯಲಾರದೆ, ನೆಗಡಿಯೋ ಅಳುವೋ ಎಂಬ ಅನುಮಾನದಲ್ಲಿಯೇ, “ಹಾಡು ಹಿಡಿಸ್ಲಿಲ್ವೇನ್ರಮ್ಮಾ? ಯಾರೂ ಒನ್ಸ್ ಮೋರ್ ಅನ್ನಲೇ ಇಲ್ಲ” ಎಂದೆ.

ಆಕೆ ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ.

“ಎಂಥಾ ಮಾತ್ರೀ! ಆ ಹುಡ್ಗಿ ಒಂದ್ಸಲ ಮನೆ ಬಿಟ್ಟು ಹೋಗಿದ್ದೇ ಸಾಲ್ದೇನು? ಕೂಗಿದ್ರೆ ಮತ್ತೆ ಬಂದು ಮತ್ತೆ ಹೋಗ್ಬೇಕಲ್ರೀ.”

ನನ್ನ ಕಣ್ಣಲ್ಲಿ ನೀರು ಬಂತು. ಯಾವೂರು, ಯಾರ ಕಡೆಯವರು ಎಂದು ಕೇಳಲು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡೆ. ಆಟ ಮುಗಿದ ಮೇಲೆ ಮೇಷ್ಟ್ರಿಗೆ ಹಾಲಪ್ಪನ ಕಥೆಯನ್ನೂ ಈಕೆಯ ಮಾತನ್ನೂ ಬಿಚ್ಚಿ ಹೇಳಿದೆ. ಅವರು “ಆ ಪದ ಇರ್ಲಿ ಬಿಡ್ರಿ” ಎಂದರು. ಅದು ಹಾಡಿನ ಮೇಲಿನ ಪ್ರೀತಿಯೋ, ನನ್ನ ಮೇಲಿನ ಕನಿಕರವೋ ಎಂದು ನಾನಿನ್ನೂ ಅನುಮಾನಿಸುತ್ತಲೇ ಇದ್ದೇನೆ. ಆ ಹೆಂಗಸಿನ ಮೇಲೆ ಮಾತ್ರ ನನಗೆ ಅನುಮಾನವಿಲ್ಲ.