ಬೇರೆಯವನು ತುಂಬಿದ ತೋಟಾ

ನವೆಂಬರ್ ಬಂತೆಂದರೆ ನಮ್ಮ ಅಡುಗೆಮನೆಯ ಮೇಜಿಗೆ ಬಿಡುವಿಲ್ಲ. ಜಿಂಕೆ ಬೇಟೆಯ ಕಾಲ ಹತ್ತಿರವಾದಂತೆ ಒಬ್ಬರಾದ ಮೇಲೊಬ್ಬರು ರಿವಾಲ್ವರ್ ಹಿಡಿದುಕೊಂಡು ಬರುತ್ತಾರೆ, ನಾನು ಕಾಸಿದ ಕಾಫಿ ಕುಡಿಯುತ್ತಾರೆ, ನನ್ನ ಗಂಡ ಓರಿನ್‌ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಇದಕ್ಕೆ ಯಾವ ತೋಟಾ ಹಾಕಲಿ? ಕೈ ಅದುರದ ಹಾಗೆ ಯಾವುದನ್ನು ಹೊಡೆಯಬಲ್ಲೆಯೋ ಅದನ್ನು ಹಾಕು ಅನ್ನುತ್ತಾನೆ ಓರಿನ್. ಕೇಳಿದವನ ಮುಖ ಬಾಡುತ್ತದೆ. ಅವನು ಬಂದದ್ದು ಕರಡಿಯನ್ನೇ ಉರುಳಿಸುವ ತೋಟಾದ ಹೆಸರು ಕೇಳುವುದಕ್ಕೆ.

ನನಗಂತೂ ಈ ಗಂಡಸರನ್ನು ನೋಡಿ ನೋಡಿ ಸಾಕಾಗಿದೆ. ತೋಟಾದಲ್ಲಿ ಸಿಡಿಮದ್ದು ಹೆಚ್ಚಿದ್ದಷ್ಟೂ ಬೇಟೆಗಾರ ದೊಡ್ಡವನು ಎಂದು ಅವರ ಲೆಕ್ಕ. ಮೊದಲ ಈಡಿಗೇ ಕೈ ಮೇಲಕ್ಕೆ ಹಾರುತ್ತದೆ, ಎರಡನೆಯದಕ್ಕೆ ಕೋವಿಯ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಗುಂಡು ಮರಕ್ಕೋ ಆಕಾಶಕ್ಕೋ ಹೋಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾರನೆಯ ವರ್ಷ ಇನ್ನೂ ಜೋರಿನ ತೋಟಾ ಕೇಳಿಕೊಂಡು ಮತ್ತೆ ಬರುತ್ತಾರೆ.

ಓರಿನ್ ಹೇಳುವುದು ನಾಲ್ಕೇ ಮಾತು. ನಳಿಗೆಯ ಮೇಲೆ ಕೊರೆದಿರುವ ಹೆಸರಿನ ತೋಟಾವನ್ನೇ ಹಾಕಬೇಕು. ಉದ್ದ ತೋಟಾದ ಕೋವಿಗೆ ಅದೇ ದಪ್ಪದ, ಅದೇ ವಂಶದ ಗಿಡ್ಡ ತೋಟಾ ನಡೆಯುತ್ತದೆ, ಗಿಡ್ಡದ ಕೋವಿಗೆ ಉದ್ದದ್ದು ಕೂಡದು. ಅಜ್ಜನ ಕಾಲದ ಕೋವಿಗೆ ಈಗಿನ ಬಿರುಸು ಮದ್ದು ತಿನ್ನಿಸಬಾರದು. ಕೊನೆಯದು, ಬೇರೆಯವನು ಮನೆಯಲ್ಲಿ ತುಂಬಿದ ತೋಟಾವನ್ನು ನಿನ್ನ ಕೋವಿಗೆ ಎಂದೂ ಹಾಕಬೇಡ.

ಈ ಕೊನೆಯ ಮಾತನ್ನು ನಮ್ಮ ಕಣಿವೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವ ಪ್ರತಿಯೊಬ್ಬನಿಗೂ ಆ ಮಾತನ್ನೂ ಮೀರಿ ನಂಬುವ ಒಬ್ಬ ಗೆಳೆಯ ಇದ್ದೇ ಇರುತ್ತಾನೆ. ನಾವು ಹಾಳಾಗುವುದು ಅಲ್ಲೇ. ಓರಿನ್‌ಗೆ ಆ ಗೆಳೆಯ ಮರ್ಲ್.

ಇಬ್ಬರೂ ಹುಡುಗರಾಗಿದ್ದಾಗಿನಿಂದ ಪೆನ್ಸಿಲ್ವೇನಿಯಾದ ಈ ಗುಡ್ಡಗಳಲ್ಲಿ ಮರ ಕಡಿದವರು. ಮೋಟಾರು ಗರಗಸ ಹಿಡಿದು ಹಿಡಿದು ಓರಿನ್‌ನ ಮಣಿಕಟ್ಟುಗಳು ಸವೆದು ಹೋದವು. ಚಳಿಯಲ್ಲಿ ಬೆರಳು ಬಿಳಿಚಿಕೊಳ್ಳುತ್ತವೆ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ನಾನೇ ತೆಗೆದುಕೊಡಬೇಕು. ಆದರೂ ಬೇಟೆಗೆ ಅವನಿಗೆ ರಿವಾಲ್ವರೇ ಆಗಬೇಕು. ಹೆಮ್ಲಾಕ್ ಮರಗಳ ದಟ್ಟಣೆಯಲ್ಲಿ ಉದ್ದ ಕೋವಿ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಹತ್ತಿರ ಹೋಗಿ ಹೊಡೆಯುವುದೇ ಮರ್ಯಾದೆ ಅನ್ನುತ್ತಾನೆ. ಒಂದು ವರ್ಷ ಬಿರುಸು ತೋಟಾ ಹಾಕಿ ಹೊಡೆದಾಗ ಕೈ ಅದುರಿ ಗುಂಡು ಹೆಣ್ಣು ಜಿಂಕೆಯ ಹೊಟ್ಟೆಗೆ ಬಿತ್ತು. ಸಂಜೆಯವರೆಗೆ ನೆತ್ತರ ಜಾಡು ಹಿಡಿದು ಹುಡುಕಿದ, ಮರುದಿನವೂ ಹುಡುಕಿದ, ಸಿಗಲಿಲ್ಲ. ನಮ್ಮ ಬೇಟೆ ಬಿಡಾರಗಳಲ್ಲಿ ಗುರಿ ತಪ್ಪಿದವನ ಅಂಗಿಯ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವ ಪದ್ಧತಿ ಇದೆ. ಉಳಿದವರು ನಗುತ್ತಾ ಕತ್ತರಿ ತಂದರಂತೆ. ತಪ್ಪಿದರೆ ಅಂಗಿ ಕತ್ತರಿಸಬಹುದು, ಗಾಯ ಮಾಡಿದ್ದಕ್ಕೆ ಕತ್ತರಿ ಇಲ್ಲ ಎಂದು ಮರ್ಲ್ ಅವರನ್ನು ತಡೆದನಂತೆ. ಮನೆಗೆ ಬಂದ ಓರಿನ್ ಊಟ ಮಾಡದೆ ಮಲಗಿದ.

ಅದಾದ ಮೇಲೆ ಮರ್ಲ್ ತನ್ನ ನೆಲಮಾಳಿಗೆಯಲ್ಲಿ ಇವನಿಗೆಂದೇ ಮೆತ್ತನೆಯ ತೋಟಾ ತುಂಬತೊಡಗಿದ. ಹಿತ್ತಾಳೆ ಕೊಳವೆಗೆ ಕಿಡಿ ಹೊತ್ತಿಸುವ ಹೊಸ ಕೇಪು, ಸ್ವಲ್ಪವೇ ಮದ್ದು, ಮೇಲೆ ಅಗಲ ಮೂತಿಯ ಸೀಸದ ಗುಂಡು. ಒತ್ತುಯಂತ್ರದ ಹಿಡಿಕೆ ಎಳೆದರೆ ತೋಟಾ ಸಿದ್ಧ. ಹತ್ತಿರದಿಂದ, ಭುಜದ ಹಿಂದೆ, ಸರಿಯಾದ ಜಾಗಕ್ಕೆ ಬಿದ್ದರೆ ಜಿಂಕೆಗೆ ಅಷ್ಟು ಸಾಕು. ಓರಿನ್‌ನ ಕೈಯೂ ತಡೆದುಕೊಳ್ಳುತ್ತಿತ್ತು. ಮರ್ಲ್‌ನಷ್ಟು ಜಾಗ್ರತೆಯ ಮನುಷ್ಯ ಈ ಕಣಿವೆಯಲ್ಲಿ ಇನ್ನೊಬ್ಬನಿರಲಿಲ್ಲ. ಕೆಲಸ ಮಾಡುವಾಗ ಪಕ್ಕದಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಅವನ ಸ್ವಂತ ತಮ್ಮ ಲೆಸ್ಟರ್‌ನನ್ನೇ ಬಾಯಿ ಮುಚ್ಚು ಎಂದು ಹೊರಗೆ ಕಳಿಸಿದ್ದುಂಟು.

ಈ ಜೂನ್‌ನಲ್ಲಿ ಮರ್ಲ್ ತೋಟದಲ್ಲಿ ಕುಸಿದು ಬಿದ್ದು ಹೋಗಿಬಿಟ್ಟ. ಮಣ್ಣು ಮಾಡಿ ಬಂದು ಚರ್ಚಿನ ಸಭಾಂಗಣದಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅವನ ಹೆಂಡತಿ ವೆಲ್ಡಾ ಎರಡು ಕಾಫಿ ಡಬ್ಬಿ ತಂದಳು. ಎರಡರ ತುಂಬ ಅವನು ಕೊನೆಯ ಚಳಿಗಾಲದಲ್ಲಿ ತುಂಬಿದ ತೋಟಾ. ಒಂದನ್ನು ಓರಿನ್‌ಗೆ ಕೊಟ್ಟಳು, ಇನ್ನೊಂದನ್ನು ಅದೇ ಅಳತೆಯ ರಿವಾಲ್ವರ್ ಇಟ್ಟುಕೊಂಡಿರುವ ಲೆಸ್ಟರ್‌ಗೆ. ನಮ್ಮಲ್ಲಿ ಸತ್ತವನ ನೆನಪಿಗೆ ಕೋಟು ಟೋಪಿ ಕೊಡುವ ಹಾಗೆ ತೋಟಾ ಕೊಡುತ್ತಾರೆ, ಯಾರೂ ಬೇಡ ಅನ್ನುವುದಿಲ್ಲ. ಓರಿನ್ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಟ್ರಕ್ಕಿನವರೆಗೆ ನಡೆದ. ಅವನು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ.

ಅಕ್ಟೋಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದೆ. ಕೊಟ್ಟಿಗೆಯ ಹಿಂದಿನ ದಿಬ್ಬಕ್ಕೆ ಓರಿನ್ ಆ ಡಬ್ಬಿಯ ತೋಟಾದಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದ. ಸದ್ದು ಕೇಳಿ ಕೇಳಿ ನನ್ನ ಕಿವಿಗೂ ಅಭ್ಯಾಸವಾಗಿದೆ. ಒಂದು ಈಡು, ಎರಡು, ಆಮೇಲೆ ಮುಚ್ಚಳ ತೆಗೆದಂತೆ ಒಂದು ಪುಸಕ್ಕೆನ್ನುವ ಸದ್ದು. ಮುಂದಿನ ಸದ್ದು ಬರಲೇ ಇಲ್ಲ. ನಾನು ಒದ್ದೆ ಬಟ್ಟೆ ಬುಟ್ಟಿಗೆ ಎಸೆದು ಓಡಿದೆ. ಅವನು ಮರದ ದಿಮ್ಮಿಯ ಮೇಲೆ ಕೂತಿದ್ದ, ಬಿಚ್ಚಿದ ರಿವಾಲ್ವರ್ ತೊಡೆಯ ಮೇಲಿತ್ತು. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಆ ತೋಟಾದಲ್ಲಿ ಮದ್ದೇ ಇರಲಿಲ್ಲ. ಬರೀ ಕೇಪಿನ ಬಲಕ್ಕೆ ಗುಂಡು ಅಷ್ಟು ದೂರ ತೆವಳಿತ್ತು. ಗಮನಿಸದೆ ಇನ್ನೊಂದು ಈಡು ಹೊಡೆದಿದ್ದರೆ ನಳಿಗೆ ಸೀಳಿ ಅವನ ಕೈಯೋ ಕಣ್ಣೋ ಹೋಗುತ್ತಿತ್ತು. ನಾನೂ ಅಲ್ಲೇ ಅವನ ಪಕ್ಕ ಕೂತೆ.

ದೇವರು ದೊಡ್ಡವನು, ಆಯಿತಲ್ಲ, ಏಳು ಎಂದೆ. ಅವನು ಏಳಲಿಲ್ಲ.

"ಒಂದು ಖಾಲಿ ಅಂದ್ರೆ ಅದರ ಪಾಲಿನ ಮದ್ದು ಎಲ್ಲಿಗೆ ಹೋಯ್ತು, ಆರ್ಲೀನ್?" ಅಂದ.

ಆಗ ನನಗೂ ಅರ್ಥವಾಯಿತು. ಬಿರುಸು ತೋಟಾಕ್ಕೆ ಕೊಳವೆ ತುಂಬ ಮದ್ದು ಬೇಕು, ಎರಡು ಸಲ ಸುರಿದರೆ ಚೆಲ್ಲಿ ತಾನೇ ಗೊತ್ತಾಗುತ್ತದೆ. ಮೆತ್ತನೆಯದಕ್ಕೆ ಬೇಕಾದ್ದು ತಳದಲ್ಲಿ ಒಂದು ಚಿಟಿಕೆ. ಎರಡು ಸಲ ಬಿದ್ದರೂ ಜಾಗ ಮಿಗುತ್ತದೆ. ದೀಪ ಹಿಡಿದು ಒಳಗೆ ಇಣುಕದಿದ್ದರೆ ತಿಳಿಯುವುದೇ ಇಲ್ಲ. ಅಂಥ ತೋಟಾ ಕೋವಿಯನ್ನೇ ಒಡೆದುಬಿಡುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡೋಣ ಎಂದೆ. ಸೀಸದ ತೂಕವೇ ಒಂದಕ್ಕೊಂದು ಹೆಚ್ಚುಕಡಿಮೆ ಇರುತ್ತದೆ, ಚಿಟಿಕೆ ಮದ್ದು ಅದರಲ್ಲಿ ಮುಚ್ಚಿಹೋಗುತ್ತದೆ ಎಂದ.

ಉಳಿದದ್ದು ಒಂದೇ ದಾರಿ, ಎಲ್ಲವನ್ನೂ ಬಿಚ್ಚುವುದು. ಅದಕ್ಕೊಂದು ಸುತ್ತಿಗೆಯಂಥ ಸಾಧನವಿದೆ. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ಕೊರಡಿಗೆ ಬಡಿದರೆ ಗುಂಡು, ಮದ್ದು ಎರಡೂ ಕಳಚಿಕೊಳ್ಳುತ್ತವೆ. ಅವನ ಮಣಿಕಟ್ಟು ಬೇಗ ಸೋತಿತು. ಮಿಕ್ಕದ್ದನ್ನೆಲ್ಲ ನಾನೇ ಬಡಿದೆ. ಹಾಳಾದ್ದು, ಮಾರನೆಯ ಹಗಲೆಲ್ಲ ಅದೇ ಕೆಲಸ, ಭುಜ ಬಿದ್ದುಹೋಯಿತು, ಒಲೆಯ ಮೇಲಿನ ಸೂಪು ಸೀದುಹೋಯಿತು. ಓರಿನ್ ಒಂದೊಂದರ ಮದ್ದನ್ನೂ ತಟ್ಟೆಗೆ ಸುರಿದು ನೋಡುತ್ತಿದ್ದ. ಸರಿ, ಸರಿ, ಖಾಲಿ, ಎರಡರಷ್ಟು, ಸರಿ, ಎರಡರಷ್ಟು. ಮೊದಮೊದಲು ಯಂತ್ರ ಕೆಟ್ಟಿರಬೇಕು ಎಂದ. ಡಬ್ಬಿಯ ತಳ ಮುಟ್ಟುವ ಹೊತ್ತಿಗೆ ಯಂತ್ರವನ್ನು ದೂರುವುದು ಬಿಟ್ಟಿದ್ದ.

ಕಳೆದ ಚಳಿಗಾಲದಲ್ಲಿ ಮರ್ಲ್ ಹೇಳಿದ ಕತೆಯನ್ನೇ ಮತ್ತೆ ಹೇಳುತ್ತಿದ್ದ. ಒಮ್ಮೆ ನಮ್ಮ ಮನೆಯಿಂದ ಹೊರಟವನು ದಾರಿ ತಪ್ಪಿ ಕಲ್ಲುಗಣಿಯ ಕಡೆ ಹೋಗಿದ್ದ. ನಾವೆಲ್ಲ ವಯಸ್ಸಾಯಿತು ಎಂದು ನಕ್ಕಿದ್ದೆವು. ಈಗ ಮದ್ದಿನ ತಟ್ಟೆಯ ಮುಂದೆ ಕೂತ ಇಬ್ಬರಿಗೂ ನಗು ಬರಲಿಲ್ಲ.

ಇನ್ನೊಂದು ಡಬ್ಬಿ ಲೆಸ್ಟರ್‌ನ ಮನೆಯಲ್ಲಿತ್ತು. ಅವನು ಅಭ್ಯಾಸ ಗಿಭ್ಯಾಸ ಮಾಡುವವನಲ್ಲ, ಬೇಟೆ ಶುರುವಾದ ಬೆಳಿಗ್ಗೆಯೇ ಡಬ್ಬಿ ತೆಗೆಯುವವನು. ಅದನ್ನು ವಾಪಸು ತರಬೇಕಿತ್ತು. ಆದರೆ ಏನೆಂದು ಕೇಳುವುದು? ನಿನ್ನಣ್ಣನಿಗೆ ಬುದ್ಧಿ ಜಾರಿತ್ತು ಎನ್ನುವುದೇ? ಮರ್ಲ್‌ಗೆ ಈ ಊರಲ್ಲಿ ಉಳಿದಿರುವುದು ಅವನ ಕೈಕೆಲಸದ ಹೆಸರೊಂದೇ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ಓರಿನ್‌ಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಅಂಗಡಿಯಿಂದ ಅದೇ ಅಳತೆಯ ಮೆತ್ತನೆ ತೋಟಾದ ಹೊಸ ಪೆಟ್ಟಿಗೆಗಳನ್ನು ತಂದ. ಅದಲು ಬದಲು ಮಾಡಿಕೊಳ್ಳೋಣ ಅನ್ನುತ್ತೇನೆ, ನೀನು ಬಾಯಿ ಬಿಡಬೇಡ ಎಂದ. ನನಗೆ ಅದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತು.

ಭಾನುವಾರ ಚರ್ಚು ಮುಗಿದ ಮೇಲೆ ಹೋದೆವು. ಲೆಸ್ಟರ್ ಒಂಟಿ ಜೀವ, ಮರ್ಲ್ ಹೋದಮೇಲೆ ಭಾನುವಾರಗಳಲ್ಲಿ ವೆಲ್ಡಾ ಅಲ್ಲಿಗೇ ಬಂದು ಅಡುಗೆ ಮಾಡುತ್ತಾಳೆ. ಅವಳು ಅಲ್ಲಿರುತ್ತಾಳೆಂಬುದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ನಮಗೂ ತಟ್ಟೆ ಹಾಕಿದಳು. ಕೋಳಿ ಬೇಯಿಸಿದ್ದಳು. ಓರಿನ್ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು ತಾನು ಕಲಿತುಬಂದ ಮಾತನ್ನು ಒಪ್ಪಿಸಿದ. ಮರ್ಲ್‌ನ ತೋಟಾ ಎಲ್ಲ ತನ್ನ ಹತ್ತಿರ ಇರಲಿ ಅಂತ ಆಸೆ ಎಂದ.

ಲೆಸ್ಟರ್ ನಕ್ಕ. "ನಿನ್ನ ಡಬ್ಬಿ ಖಾಲಿ ಮಾಡ್ಕೊಂಡು ಈಗ ನನ್ನದಕ್ಕೂ ಕಣ್ಣು ಹಾಕ್ತೀಯೇನೋ? ಅವನು ನನ್ನ ಸ್ವಂತ ಅಣ್ಣ ಕಣಯ್ಯ. ಈ ಸಲ ಅದರಲ್ಲೇ ಕೊಂಬಿನ ಜಿಂಕೆ ಹೊಡೆದು ಅವನ ಸಮಾಧಿ ಹತ್ರ ಹೋಗಿ ಹೇಳ್ತೀನಿ."

ಓರಿನ್ ವೆಲ್ಡಾಳ ಕಡೆ ನೋಡಿದ. ಆಮೇಲೆ, ತನ್ನ ಡಬ್ಬಿಯಲ್ಲೊಂದು ತೋಟಾ ಕೆಟ್ಟಿತ್ತು, ಒಂದೇ ಒಂದು, ಯಾರ ಕೈಯಲ್ಲಾದರೂ ಆಗುವಂಥದ್ದು, ಅದಕ್ಕೇ ಎಂದ. ಒಂದೇ ಅಲ್ಲವೆಂದು ನನಗೆ ಗೊತ್ತಿತ್ತು. ಅಷ್ಟನ್ನೂ ಬಡಿದು ಬಿಚ್ಚಿದವಳು ನಾನು.

ಒಂದೇ ತಾನೆ, ಅದಕ್ಕೇನಂತೆ ಎಂದ ಲೆಸ್ಟರ್. ಎದ್ದು ಹೋಗಿ ಡಬ್ಬಿ ತಂದ, ರಿವಾಲ್ವರನ್ನೂ ತಂದ. ಅಣ್ಣನ ಕೈಯ ಮೇಲೆ ನನಗೆ ನಂಬಿಕೆ ಇದೆ, ಬೇಕಾದರೆ ಹಿತ್ತಲಿಗೆ ಬಾ, ಈಗಲೇ ಆರು ಹೊಡೆದು ತೋರಿಸುತ್ತೇನೆ ಎಂದು ತುಂಬಲು ಶುರು ಮಾಡಿದ. ಒಂದು ಹಾಕಿದ, ಎರಡನೆಯದನ್ನು ಎತ್ತಿಕೊಂಡ. ಓರಿನ್ ತನ್ನ ಸೋತ ಕೈಯನ್ನು ಚಾಚಿ ರಿವಾಲ್ವರಿನ ಮೇಲಿಟ್ಟ.

"ಒಂದಲ್ಲ, ಲೆಸ್ಟರ್. ಬೇಕಾದಷ್ಟು. ಕೆಲವದರಲ್ಲಿ ಮದ್ದೇ ಇಲ್ಲ, ಕೆಲವದರಲ್ಲಿ ಎರಡೆರಡು ಪಾಲಿದೆ. ಅವನು ಸುರಿದೆನೋ ಇಲ್ಲವೋ ಅನ್ನೋದನ್ನೇ ಮರೀತಿದ್ದ."

ಲೆಸ್ಟರ್‌ನ ಮುಖ ಕೆಂಪಾಯಿತು. ಸತ್ತವನ ಮೇಲೆ ಇಂಥ ಮಾತಾಡಲು ನಾಚಿಕೆಯಾಗುವುದಿಲ್ಲವೇ, ಅವನು ತುಂಬಿಕೊಟ್ಟದ್ದರಲ್ಲೇ ಇಷ್ಟು ವರ್ಷ ಮಾಂಸ ತಿಂದೆಯಲ್ಲ ಎಂದು ಕೂಗಿದ. ಓರಿನ್ ಕೈ ತೆಗೆಯಲಿಲ್ಲ. ಅವನ ಅಷ್ಟು ದಣಿದ ಮುಖವನ್ನು ನಾನು ಮರ ಕಡಿಯುವ ಕಾಲದಲ್ಲೂ ಕಂಡಿರಲಿಲ್ಲ.

"ಬಿಡು ಲೆಸ್ಟರ್, ಕೆಳಗಿಡು," ಎಂದಳು ವೆಲ್ಡಾ.

ಅವಳು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಕೂತಳು. ಯಾರ ಮುಖವನ್ನೂ ನೋಡದೆ ಮಾತಾಡಿದಳು.

"ಕ್ರಿಸ್ಮಸ್ ಆದ್ಮೇಲೆ ಅವನಿಗೆ ನನ್ನ ಹೆಸರೇ ಎಷ್ಟೋ ಸಲ ಬರ್ತಿರಲಿಲ್ಲ. ನೆಲಮಾಳಿಗೆಗೆ ಹೋದ್ರೆ ಮಾತ್ರ ಮೊದಲಿನ ಹಾಗೆ ಕಾಣ್ತಿದ್ದ. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸ್ಕೋತಿದ್ದೆ. ಆ ಹಿಡಿಕೆ ಸದ್ದು ಮಧ್ಯದಲ್ಲಿ ನಿಂತುಹೋಗೋದು. ಎಷ್ಟೋ ಹೊತ್ತು ನಿಂತಿರೋದು. ಆಮೇಲೆ ಮತ್ತೆ ಶುರುವಾಗೋದು. ಏನು ಮಾಡ್ತಿದ್ದಾನೆ ಅಂತ ಇಳಿದು ನೋಡ್ಲಿಲ್ಲ. ನನಗೆ ಗೊತ್ತಾಗಿದೆ ಅಂತ ಅವನಿಗೆ ತಿಳಿಯೋದು ನನಗೆ ಬೇಕಿರಲಿಲ್ಲ."

ಲೆಸ್ಟರ್ ಹಾಕಿದ್ದ ತೋಟಾವನ್ನು ಹೊರಗೆ ತೆಗೆದು ಡಬ್ಬಿಗೆ ಹಾಕಿದ. ಬಹಳ ಹೊತ್ತು ಅದರ ಮುಚ್ಚಳವನ್ನು ಒತ್ತುತ್ತಲೇ ಇದ್ದ. ಕೊನೆಗೆ ಅದನ್ನು ಓರಿನ್ ಕಡೆ ತಳ್ಳಿದ. ಓರಿನ್ ಎತ್ತಲು ಹೋದ, ಮಣಿಕಟ್ಟು ಬಲ ಕೊಡಲಿಲ್ಲ. ಲೆಸ್ಟರೇ ಡಬ್ಬಿಯನ್ನು ಹೊತ್ತುಕೊಂಡು ನಮ್ಮ ಟ್ರಕ್ಕಿಗೆ ನಡೆದ.

ನಾವು ಹೊರಡುವಾಗ ವೆಲ್ಡಾ ಬಾಗಿಲವರೆಗೆ ಬಂದಳು. ಕ್ಷಮಿಸು, ನಿನ್ನ ಮುಂದೆ ಹೇಳಬಾರದಿತ್ತು ಎಂದ ಓರಿನ್.

"ಮರ್ಲ್ ಇದ್ದಿದ್ರೆ ನಿನ್ನ ಕೆನ್ನೆಗೆ ಬಾರಿಸ್ತಿದ್ದ," ಎಂದಳು ಅವಳು. "ಆಮೇಲೆ ನಿಜ ಹೇಳಿದ್ದಕ್ಕಲ್ಲ. ಮೊದಲು ಕೆಟ್ಟದ್ದು ಒಂದೇ ಅಂದ್ಯಲ್ಲ, ಅದಕ್ಕೆ."