ಕೊನೆಯ ಸಾಲಿನಿಂದ ಎತ್ತಿದ ಕೈ

ಮೊನ್ನೆ ಶಿವಮೊಗ್ಗದ ಕಿವಿ ಡಾಕ್ಟರರ ಬಳಿ ಹೋಗಿದ್ದೆ. ಹೋಗಿದ್ದೆ ಅನ್ನುವುದಕ್ಕಿಂತ ಹೆಂಡತಿ ಕರೆದುಕೊಂಡು ಹೋದಳು ಅನ್ನುವುದು ಸರಿ. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಟಿವಿಯ ಸದ್ದಿನ ಬಗ್ಗೆ ಜಗಳ ನಡೆದಿದೆ. ಟಿವಿ ಹಳತಾಯಿತು, ಸ್ಪೀಕರ್ ಹೋಗಿದೆ ಎಂಬುದು ನನ್ನ ವಾದ. ಹೊಸ ಟಿವಿ ತಂದೆವು. ಇದರ ಸ್ಪೀಕರೂ ಸರಿಯಿಲ್ಲ ಎಂದು ನಾನು ಹೇಳಿದ ದಿನ ಅವಳು ಮರುಮಾತಾಡದೆ ಡಾಕ್ಟರರಿಗೆ ಫೋನ್ ಮಾಡಿದಳು.

ಅಲ್ಲಿ ಕಿವಿ ಪರೀಕ್ಷೆಗೆಂದೇ ಒಂದು ಪುಟ್ಟ ಕೋಣೆ, ಸ್ನಾನದ ಮನೆಯಷ್ಟು ದೊಡ್ಡದು. ಒಳಗೊಂದು ಸ್ಟೂಲು, ಎದುರಿಗೆ ಗಾಜು, ಗಾಜಿನಾಚೆ ಯಂತ್ರ. ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬಳು ಹುಡುಗಿ ಬಂದು ನನ್ನ ಕನ್ನಡಕ ತೆಗೆಸಿ ತಲೆಗೆ ಹೆಡ್‌ಫೋನ್ ಹಾಕಿದಳು. ಕೆಂಪು ಗುರುತು ಬಲಕ್ಕೆ, ನೀಲಿ ಎಡಕ್ಕೆ. "ಅಜ್ಜ, ಸಣ್ಣ ಸಣ್ಣ ಶಬ್ದ ಬರುತ್ತೆ. ಕೇಳಿಸಿದ್ರೆ ಕೈ ಎತ್ತಿ. ಕೇಳಿಸದೆ ಇದ್ರೆ ಸುಮ್ನೆ ಕೂತಿರಿ," ಎಂದಳು. ಅಜ್ಜ ಎಂದದ್ದು ಮಾತ್ರ ಎರಡು ಕಿವಿಗೂ ಸ್ಪಷ್ಟವಾಗಿ ಕೇಳಿಸಿತು. ಅವಳು ಬಾಗಿಲು ಹಾಕಿಕೊಂಡು ಹೋದಳು. ಎರಡೂ ಕಿವಿಯನ್ನು ಒತ್ತಿ ಹಿಡಿದ ಆ ಭಾರವಿದೆಯಲ್ಲ, ಅದು ನನ್ನನ್ನು ಎಲ್ಲಿಗೋ ಎಳೆದುಕೊಂಡು ಹೋಯಿತು. ಮೊದಲ ಒಂದೆರಡು ಶಬ್ದ ಬಂದು ಹೋದವೋ ಏನೋ, ನಾನು ಆಗ ಕೊಪ್ಪದಲ್ಲಿದ್ದೆ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ವಾಸಣ್ಣನ ಮೈಕ್‌ಸೆಟ್ ಅಂಗಡಿ ಇತ್ತು. ಎರಡು ಸಾವಿರದ ಐದೋ ಆರೋ ಇಸವಿ. ನಾನು ಆಗ ಅಲ್ಲಿನ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್. ವಾಸಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ಮದುವೆ, ಮುಂಜಿ, ಶಾಲೆಯ ವಾರ್ಷಿಕೋತ್ಸವ, ತಾಳಮದ್ದಲೆ, ಚುನಾವಣೆಯ ಭಾಷಣ ಏನೇ ಇರಲಿ, ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ಅವನ ಪೆಟ್ಟಿಗೆಗಳು ಹೋಗುತ್ತಿದ್ದವು. ಹಲೋ ಹಲೋ ಮೈಕ್ ಟೆಸ್ಟಿಂಗ್ ಎಂದು ಅವನು ಯಾವತ್ತೂ ಅಂದವನಲ್ಲ. ಮೈಕಿನೆದುರು ನಿಂತು ಬಸ್ ಕಂಡಕ್ಟರನ ಹಾಗೆ "ಹರಿಹರಪುರ, ಭಂಡಿಗಡಿ, ಮೇಗುಂದ, ಶೃಂಗೇರಿ" ಎನ್ನುವನು. ಅದಕ್ಕೆ ಕಾರಣವೂ ಇತ್ತು. ಭಂಡಿಗಡಿಯ ಭಕಾರ ಮೈಕಿಗೆ ಗುದ್ದುತ್ತದೆ, ಶೃಂಗೇರಿಯ ಶಕಾರ ಸಿಳ್ಳೆ ಹೊಡೆಯುತ್ತದೆ, ಇವೆರಡನ್ನು ಹದಕ್ಕೆ ತಂದರೆ ಉಳಿದ ಅಕ್ಷರಗಳು ಹೇಳಿದ ಮಾತು ಕೇಳುತ್ತವೆ ಎಂಬುದು ಅವನ ಶಾಸ್ತ್ರ. ಮೈಕ್‌ಸೆಟ್ ಬಂದಿದೆಯೆಂದು ಗೊತ್ತಿಲ್ಲದ ಮುದುಕರು ಬಸ್ಸು ಬಂತೆಂದು ಚೀಲ ಎತ್ತಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ನನಗೂ ಅವನಿಗೂ ಗಂಟು ಬಿದ್ದದ್ದು ಕೊನೆಯ ಸಾಲಿನಿಂದಾಗಿ. ಯಂತ್ರದ ಪಕ್ಕ ಕೂತವನಿಗೆ ಸಭೆಯ ಹಿಂದೆ ಹೇಗೆ ಕೇಳುತ್ತಿದೆ ಎಂದು ತಿಳಿಯುವುದಿಲ್ಲ. ಆದ್ದರಿಂದ ಕಾರ್ಯಕ್ರಮ ಶುರುವಾಗುವಾಗ ನಂಬಿಕೆಯ ಒಬ್ಬನನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸುವುದು ವಾಸಣ್ಣನ ಕ್ರಮ. ಚೆನ್ನಾಗಿ ಕೇಳಿದರೆ ಅವನು ಕೈ ಎತ್ತಬೇಕು. ಸದ್ದು ಹೆಚ್ಚಾದರೆ ಅಂಗೈಯನ್ನು ಕೆಳಗೆ ತೋರಿಸಬೇಕು. ಕೇಳದಿದ್ದರೆ ಕೈ ಕಟ್ಟಿ ಸುಮ್ಮನೆ ನಿಂತಿರಬೇಕು. ಈ ಕೆಲಸಕ್ಕೆ ನಾನೇ ಯಾಕೆ ಎಂದು ಒಮ್ಮೆ ಕೇಳಿದೆ. ನನಗೆ ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ, ಶಾಲೆಯಲ್ಲಿ ಪ್ರಾರ್ಥನೆಗೆ ಬಾಯಿ ಮಾತ್ರ ಆಡಿಸು ಎಂದು ಮೇಷ್ಟ್ರು ಹೇಳಿದ್ದರು.

"ಅದಕ್ಕೇ ನೀನೇ ಬೇಕು ಮಾರಾಯ," ಎಂದ ವಾಸಣ್ಣ. "ಸಂಗೀತ ಗೊತ್ತಿದ್ದವ ಸಂಗೀತ ಕೇಳ್ತಾನೆ. ಗೊತ್ತಿಲ್ಲದವ ಸದ್ದು ಕೇಳ್ತಾನೆ. ನಂಗೆ ಬೇಕಾದ್ದು ಸದ್ದು."

ಹೊಗಳಿಕೆಯೋ ಬೈಗುಳವೋ ಇವತ್ತಿಗೂ ತಿಳಿದಿಲ್ಲ. ಆದರೆ ಎಂಟು ವರ್ಷ ಅವನ ಕೊನೆಯ ಸಾಲಿನಲ್ಲಿ ನಾನು ನಿಂತೆ, ಮತ್ತು ಒಂದೇ ಒಂದು ಸಲ ತಪ್ಪಿದೆ. ನರಸಿಂಹರಾಜಪುರದಲ್ಲಿ ಒಂದು ಮದುವೆ. ಪಿಟೀಲು ಕಚೇರಿ ಶುರುವಾಗುವ ಹೊತ್ತಿಗೆ ಆಚೆ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ನಾನು ಗಡಿಬಿಡಿಯಲ್ಲಿ ಒಮ್ಮೆ ಕೈ ಎತ್ತಿ ಊಟಕ್ಕೆ ಓಡಿದೆ. ಹಿಂದಿನ ಆರು ಸಾಲಿಗೆ ಪಿಟೀಲಿನ ಬದಲು ಅಡಿಗೆಯವರ ಸೌಟಿನ ಸದ್ದೇ ಕೇಳುತ್ತಿತ್ತಂತೆ. ವಾಸಣ್ಣ ಬಂದು ನನ್ನ ಎಲೆಯ ಮುಂದೆ ನಿಂತ.

"ಕೇಳದೆ ಕೈ ಎತ್ತಬೇಡ ಮಾರಾಯ. ನಿನ್ನ ಕೈ ನಂಬ್ಕಂಡು ನಾನು ಗುಂಡಿ ತಿರುಗ್ಸೋದು."

ಅಷ್ಟೇ ಹೇಳಿ ಹೋದ. ಬಾಯಲ್ಲಿದ್ದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯದನ್ನು ಹಾಕಿಸಿಕೊಂಡೆ ಎನ್ನುವುದು ಬೇರೆ ಮಾತು.

ಇಂಥ ವಾಸಣ್ಣನಿಗೆ ಐವತ್ತೈದು ದಾಟಿದ ಮೇಲೆ ಹೆಡ್‌ಫೋನಿನ ಹುಚ್ಚು ಹಿಡಿಯಿತು. ಬೆಂಗಳೂರಿನ ಯಾವುದೋ ಅಂಗಡಿಯ ಕ್ಯಾಟಲಾಗಿನಲ್ಲಿ ಜರ್ಮನಿಯ ಒಂದು ಹೆಡ್‌ಫೋನಿನ ಚಿತ್ರ ಕಂಡಿದ್ದ. ಆ ಪುಟ ಮಡಿಸಿ ಮಡಿಸಿ ಗೆರೆಯಲ್ಲಿ ಹರಿದುಹೋಗಿತ್ತು. "ಮೂವತ್ತು ವರ್ಷ ಬೇರೆಯವರಿಗೆ ಕೇಳ್ಸಿದ್ದೇನೆ. ನನ್ನ ಸದ್ದು ಹೆಂಗಿದೆ ಅಂತ ನಾನೇ ಸರಿಯಾಗಿ ಕೇಳ್ಲಿಲ್ಲ," ಎನ್ನುತ್ತಿದ್ದ. ಅವನ ಬಳಿ ತಾನೇ ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳು ಒಂದು ಟ್ರಂಕಿನ ತುಂಬ ಇದ್ದವು. ಕೊನೆಗೆ ಸ್ಕೂಟರ್ ಮಾರಿದ. ಸ್ಕೂಟರ್ ಎಲ್ಲಿ ಎಂದು ಕೇಳಿದವರಿಗೆಲ್ಲ "ಕಿವಿಗೆ ಹಾಕ್ಕಂಡೆ" ಎಂದು ಹೇಳುತ್ತ ನಡೆದೇ ತಿರುಗಿದ. ಅವನ ಹೆಂಡತಿ ಸುಮಿತ್ರಕ್ಕ, "ನನ್ನ ಓಲೆಯ ಕಲ್ಲು ಬಿದ್ದು ಮೂರು ವರ್ಷ ಆಯ್ತು. ಇವ್ರಿಗೆ ನೋಡಿ ಕಿವಿಗೆ ಒಡವೆ," ಎಂದು ನಗುತ್ತಿದ್ದಳು.

ಹೆಡ್‌ಫೋನು ಬಸ್ಸಿನ ಪಾರ್ಸೆಲ್ಲಿನಲ್ಲಿ ಶನಿವಾರ ಬಂತು. ಭಾನುವಾರ ಮಧ್ಯಾಹ್ನ ವಾಸಣ್ಣ ನನ್ನನ್ನು ಮನೆಗೆ ಕರೆದ. ನನ್ನೆದುರೇ ಡಬ್ಬಿ ಬಿಚ್ಚುತ್ತೇನೆ ಎಂದಿದ್ದವನು ಬಿಚ್ಚಿ ಮುಗಿಸಿಯಾಗಿತ್ತು. ತಡೆಯಲಾಗಲಿಲ್ಲ ಪಾಪ ಎಂದುಕೊಂಡೆ. ಎಷ್ಟು ದೊಡ್ಡದು ಅದು! ಸಣ್ಣ ಎಮ್ಮೆಕರುವಿನ ಕಿವಿಗೂ ಆಗುತ್ತಿತ್ತು, ಪಶು ಆಸ್ಪತ್ರೆಯವನ ಕಣ್ಣಿಗೆ ಹಾಗೆ ಕಂಡಿತು. ಹೊರಗೆ ಉಕ್ಕಿನ ಜಾಲರಿ, ಒಳಗೆ ಮಕಮಲ್ಲಿನ ದಿಂಬು, ಕಿರುಬೆರಳು ದಪ್ಪದ ವೈರು. ಟೇಪ್‌ರೆಕಾರ್ಡರಿನ ಶಕ್ತಿ ಇದಕ್ಕೆ ಸಾಲದೆಂದು ವಾಸಣ್ಣ ಬಿಸ್ಕತ್ತಿನ ಡಬ್ಬಿಯೊಳಗೆ ತಾನೇ ಒಂದು ಆಂಪ್ಲಿಫೈಯರ್ ಕಟ್ಟಿ ಇಟ್ಟಿದ್ದ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತನ್ನ ಕೈಯಿಂದಲೇ ನನ್ನ ತಲೆಗೆ ಏರಿಸಿ, ಹರಿಹರಪುರದಲ್ಲಿ ಹಿಡಿದಿದ್ದ ಒಂದು ತಾಳಮದ್ದಲೆಯ ಕ್ಯಾಸೆಟ್ ಹಾಕಿದ.

ಮೊದಲು ಏನೂ ಇಲ್ಲ. ಬರೇ ಕ್ಯಾಸೆಟ್ಟಿನ ಗಾಳಿ. ಆಮೇಲೆ ನನ್ನ ಸುತ್ತ ಒಂದು ಸಭಾಭವನ ಮೆಲ್ಲಗೆ ಎದ್ದು ನಿಂತಿತು, ಅದಕ್ಕೆ ಬೇರೆ ಮಾತು ನನಗೆ ಗೊತ್ತಿಲ್ಲ. ಯಾರೋ ವೀಳ್ಯದೆಲೆಯ ತೊಟ್ಟು ಮುರಿದರು. ಸುಣ್ಣದ ಡಬ್ಬಿಯ ಮುಚ್ಚಳ ತೆಗೆದರು. ಮೇಲೆ ಒಂದು ಫ್ಯಾನು, ಪ್ರತಿ ಸುತ್ತಿಗೂ ಟಿಕ್ ಎನ್ನುವುದು. ಭಾಗವತರು ಗಂಟಲು ಸರಿಮಾಡಿಕೊಂಡರು, ಎಲ್ಲಿ ಅಂದರೆ ಸರಿಯಾಗಿ ನನ್ನ ಎರಡು ಹುಬ್ಬಿನ ನಡುವೆ. ಹಿಂದೆ ಹೆಂಗಸರು ಪಿಸುಗುಟ್ಟಿದ್ದಕ್ಕೆ ನಾನು ತಿರುಗಿ ನೋಡಿದೆ. ಅಲ್ಲಿ ವಾಸಣ್ಣನ ಮನೆಯ ಗೋಡೆ, ಕ್ಯಾಲೆಂಡರು. ಆ ತಾಳಮದ್ದಲೆಗೆ ನಾನು ಹೋಗಿದ್ದೆ, ಕೊನೆಯ ಸಾಲಿನಲ್ಲಿ ನಿಂತು ಕೈ ಎತ್ತಿದ್ದೆ. ಆದರೆ ಅದನ್ನು ಕೇಳಿದ್ದು ಅವತ್ತು. "ವಾಸಣ್ಣ, ಫ್ಯಾನ್ ತಿರುಗೋದು ಕೇಳ್ತದೆ!" ಎಂದು ನಾನು ಕೂಗಿದ ಕೂಗಿಗೆ ಸುಮಿತ್ರಕ್ಕ ಒಳಗಿಂದ ಓಡಿ ಬಂದಳು.

ವಾಸಣ್ಣ ನಗಲಿಲ್ಲ. ಕ್ಯಾಸೆಟ್ ನಿಲ್ಲಿಸಿ, ಹೆಡ್‌ಫೋನ್ ತೆಗೆದು ತಾನು ಹಾಕಿಕೊಂಡು, ಸ್ವಲ್ಪ ಹೊತ್ತು ಕೇಳಿ ತೆಗೆದ.

"ಎಡಗಡೆ ಹೆಂಗೆ ಕೇಳ್ತದೆ ನಿಂಗೆ?" ಎಂದ.

"ಹೆಂಗೆ ಅಂದ್ರೆ?"

"ಭಾಗವತ್ರು ಮಧ್ಯ ಕೂತಿದ್ರು ಅವತ್ತು. ಇದ್ರಲ್ಲಿ ಬಲಕ್ಕೆ ಜರುಗಿ ಕೂತಂಗೆ ಕೇಳ್ತದೆ ನಂಗೆ. ತಾಳ ಅಂತೂ ಎಡಗಡೆ ಇಲ್ಲವೇ ಇಲ್ಲ. ಸರಿಯಾಗಿ ಕೇಳಿ ಹೇಳು ಮಾರಾಯ."

ನಾನು ಮತ್ತೆ ಹಾಕಿಕೊಂಡೆ. ಭಾಗವತರು ಹುಬ್ಬಿನ ನಡುವಿನಿಂದ ಒಂದು ಎಳ್ಳಿನಷ್ಟೂ ಅಲುಗಿರಲಿಲ್ಲ. ಅವರ ಕೈಯ ಕಂಚಿನ ತಾಳ ಎರಡು ಕಡೆಯೂ ಸಮನಾಗಿ ಮಿಂಚುತ್ತಿತ್ತು. ನನಗೆ ಒಮ್ಮೆಗೇ ಎಲ್ಲ ಅರ್ಥವಾಯಿತು. ಮೂವತ್ತು ವರ್ಷ ವೇದಿಕೆಯ ಪಕ್ಕ, ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನು ಎಡಕ್ಕಿಟ್ಟುಕೊಂಡು ಕೂತ ಮನುಷ್ಯ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಸ್ಕೂಟರ್ ಹೋಗಿತ್ತು, ಮುಂದಿನ ವಾರ ಶೃಂಗೇರಿಯಲ್ಲಿ ದೊಡ್ಡ ಕಾರ್ಯಕ್ರಮವಿತ್ತು, ಮತ್ತು ಕಿವಿ ಬಿಟ್ಟರೆ ಅವನಿಗೆ ಬೇರೆ ಬಂಡವಾಳ ಇರಲಿಲ್ಲ.

"ಹೌದು ವಾಸಣ್ಣ, ನೀವು ಹೇಳಿದ್ದು ಸರಿ. ಎಡಗಡೆ ಸ್ವಲ್ಪ ಸಪ್ಪೆ," ಎಂದೆ.

ಅವನು ನನ್ನನ್ನು ಒಂದು ಕ್ಷಣ ನೋಡಿದ. "ಹೌದಾ. ನಿಂಗೂ ಹಂಗೇ ಕೇಳ್ತದಾ," ಎಂದು ವೈರು ಸುತ್ತತೊಡಗಿದ. ವಾಪಸ್ಸು ಕಳಿಸಿ, ಬೇರೆ ಕೊಡುತ್ತಾರೆ ಎಂದು ಮೇಲಿಂದ ಸಲಹೆಯನ್ನೂ ಕೊಟ್ಟೆ. ಹೂಂ ಎಂದ. ಸುಳ್ಳನ್ನು ಎಷ್ಟು ಸಲೀಸಾಗಿ ಹೇಳಿದೆ, ಒಬ್ಬನ ಮನಸ್ಸು ನೋಯದ ಹಾಗೆ ಹೇಗೆ ಉಳಿಸಿದೆ ಎಂದು ಮನೆಗೆ ಹೋಗುವ ದಾರಿಯಲ್ಲಿ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು. ಹೇಳಲು ನಾಚಿಕೆ, ಆದರೂ ಹೇಳಿಬಿಡುತ್ತೇನೆ.

ಹೆಡ್‌ಫೋನಿನ ಸುದ್ದಿ ಅವನು ಮತ್ತೆ ಎತ್ತಲಿಲ್ಲ. ವಾಪಸ್ಸು ಹೋಗಿದೆ ಎಂದುಕೊಂಡೆ. ಹೊಸದು ಬಂದರೆ ಮತ್ತೆ ಕರೆದು ಕೇಳುತ್ತಾನಲ್ಲ ಎಂಬ ಹೆದರಿಕೆಯಿಂದ ನಾನೂ ಕೆದಕಲಿಲ್ಲ. ಶೃಂಗೇರಿಯ ಕಾರ್ಯಕ್ರಮಕ್ಕೆ ಎಂದಿನಂತೆ ಹೋಗಿ ಕೊನೆಯ ಸಾಲಿನಲ್ಲಿ ನಿಂತೆ. ತಾಳದ ಸದ್ದು ಸೂಜಿಯಂತೆ ಚುಚ್ಚುತ್ತಿತ್ತು. ಶಕಾರ ಬಂದಲ್ಲೆಲ್ಲ ಸಿಳ್ಳೆ. ನನ್ನ ಮುಂದಿನ ಸಾಲಿನ ಅಜ್ಜಿಯೊಬ್ಬಳು ಸೆರಗಿನ ತುದಿಯನ್ನು ಕಿವಿಗೆ ತುರುಕಿಕೊಂಡಳು. ನಾನು ಅಂಗೈ ಕೆಳಗೆ ಮಾಡಿ ತೋರಿಸಿದೆ, ಎರಡು ಕೈಯಲ್ಲೂ ತೋರಿಸಿದೆ. ವಾಸಣ್ಣ ಯಂತ್ರದ ಮೇಲೆ ಬಗ್ಗಿಸಿದ ತಲೆ ಎತ್ತಲೇ ಇಲ್ಲ.

ಮುಗಿದ ಮೇಲೆ, "ಯಾಕೆ ವಾಸಣ್ಣ, ನನ್ನ ಕಡೆ ನೋಡ್ಲೇ ಇಲ್ಲ?" ಎಂದೆ.

"ಎಂತ ನೋಡೋದು? ಹೆಂಗಿದ್ರೂ ನೀನು ಕೈ ಎತ್ತಿರ್ತೀಯಲ್ಲ," ಎಂದ.

ತಮಾಷೆ ಎಂದುಕೊಂಡು ನಕ್ಕೆ. ದೇವರು ನನಗೆ ಕಿವಿ ಕೊಟ್ಟಿದ್ದ, ಅದರ ಹಿಂದೆ ಇರಬೇಕಾದದ್ದನ್ನು ಕೊಟ್ಟಿರಲಿಲ್ಲ.

ಅವನು ಆಮೇಲೆ ಯಾವತ್ತೂ ಕೊನೆಯ ಸಾಲಿನ ಕಡೆ ನೋಡಲಿಲ್ಲ. ನಾನೂ ಒಂದೆರಡು ಸಲ ಹೋಗಿ ಬಿಟ್ಟೆ. ತನಗೆ ಕೇಳದಿದ್ದ ಸದ್ದನ್ನು ಅವನು ಏರಿಸುತ್ತ ಹೋದ, ಜನ ಕಿವಿ ಮುಚ್ಚಿಕೊಳ್ಳುತ್ತ ಹೋದರು. ಯಾರೂ ಅವನ ಮುಖಕ್ಕೆ ಹೇಳಲಿಲ್ಲ. ನಮ್ಮ ಕಡೆಯವರು ಹಾಗೆಲ್ಲ ಹೇಳುವವರಲ್ಲ, ಸುಮ್ಮನೆ ಬೇರೆಯವರಿಗೆ ಫೋನ್ ಮಾಡುತ್ತಾರೆ. ಎರಡು ವರ್ಷದಲ್ಲಿ ವಾಸಣ್ಣನ ಪೆಟ್ಟಿಗೆಗಳು ಅಂಗಡಿಯಿಂದ ಹೊರಬರುವುದು ಅಪರೂಪವಾಯಿತು. ಅವನೊಡನೆ ಮಾತಾಡುವವರು ಬಲಗಡೆ ಕೂರುವುದನ್ನು ಕಲಿತರು, ಆಮೇಲೆ ಅಲ್ಲೂ ಕೂಗುವುದನ್ನು ಕಲಿತರು. ನನಗೆ ವರ್ಗವಾಯಿತು. ನಾಲ್ಕು ವರ್ಷ ಕಳೆದು ಅವನು ತೀರಿಕೊಂಡ ಸುದ್ದಿ ಬಂದಾಗ ಹದಿಮೂರು ದಿನ ಕಳೆದಿತ್ತು.

ಸುಮಿತ್ರಕ್ಕನನ್ನು ನೋಡಲು ಹೋದೆ. ಅಂಗಡಿಯನ್ನು ಯಾರಿಗೋ ಕೊಟ್ಟಾಗಿತ್ತು, ಸಾಮಾನೆಲ್ಲ ಜಗಲಿಗೆ ಬಂದಿತ್ತು. ಕ್ಯಾಸೆಟ್ ಟ್ರಂಕಿನ ಮೇಲೆ ಆ ಹೆಡ್‌ಫೋನಿನ ಡಬ್ಬಿ.

"ಇದು ವಾಪಸ್ ಹೋಗ್ಲಿಲ್ವಾ ಅಕ್ಕ?"

"ಎಲ್ಲಿಗೆ ಹೋಗ್ತದೆ? ಅದ್ರಲ್ಲಿ ಎಂತ ಹಾಳಾಗಿತ್ತು ಹೋಗಾಕೆ?" ಎಂದಳು. ಆಮೇಲೆ ನನ್ನ ಕಡೆ ನೋಡದೆ, ಡಬ್ಬಿಯ ಧೂಳು ಒರೆಸುತ್ತ ಹೇಳಿದಳು. "ಪಾರ್ಸೆಲ್ ಬಂದ ಶನಿವಾರವೇ ಗೊತ್ತಾಯ್ತು ಅವ್ರಿಗೆ. ಹೀಂಗೆ ಹಾಕಿ ನೋಡಿದ್ರು, ಹಿಂದು ಮುಂದು ಮಾಡಿ ಹಾಂಗೆ ಹಾಕಿ ನೋಡಿದ್ರು. ಹತ್ತು ಸಲ ಆಗಿರ್ಬೋದು. ಕಡೆಗೆ, ಕಿವಿ ಹೋಯ್ತು ಕಣೆ ಅಂದ್ರು. ಡಾಕ್ಟ್ರ ಹತ್ರ ಹೋಗುವ ಅಂದೆ. ನಾಳೆ ಅವನನ್ನ ಕರೀತೇನೆ, ಅವ ಕೇಳದೆ ಕೈ ಎತ್ತುವವ ಅಲ್ಲ, ಎರಡು ಕಡೆಯೂ ಸರಿ ಕೇಳ್ತದೆ ಅಂತ ಅವ ಅಂದ್ರೆ ಹೋಗುವ ಅಂದ್ರು."

"ಆಮೇಲೆ?"

"ನೀವು ಹೋದ ಮೇಲೆ ಕೇಳಿದೆ. ಅವನೂ ಸುಳ್ಳು ಹೇಳಿದ ಅಂದ್ರು. ಡಾಕ್ಟ್ರ ಸುದ್ದಿ ಮತ್ತೆ ಎತ್ತಾಕೆ ಬಿಡ್ಲಿಲ್ಲ."

ಎಡಬಲ ಬದಲಿಸಿ ಹಾಕಿಕೊಂಡರೆ ಗೊತ್ತಾಗುತ್ತದೆ, ಎಷ್ಟು ಸುಲಭ ನೋಡಿ. ದೋಷ ಯಂತ್ರದ್ದಾದರೆ ಸಪ್ಪೆ ಸದ್ದು ಬಲಗಿವಿಗೆ ಬರುತ್ತದೆ. ಕಿವಿಯದ್ದಾದರೆ ಎಡಕ್ಕೇ ಉಳಿಯುತ್ತದೆ. ಮೂವತ್ತು ವರ್ಷ ಅದೇ ಕಸುಬು ಮಾಡಿದವನಿಗೆ ಇದು ಹೊಳೆಯುವುದಿಲ್ಲವೆಂದು ನಾನು ಹೇಗೆ ಎಣಿಸಿದೆ? ಅವನು ಅವತ್ತು ನನ್ನನ್ನು ಹೆಡ್‌ಫೋನಿನ ಬಗ್ಗೆ ಕೇಳಲಿಲ್ಲ. ಕತ್ತಲಲ್ಲಿ ಕಾಲಿಡುವ ಮೊದಲು ಒಂದು ಕೈ ಹಿಡಿಯಲು ನೋಡಿದ್ದ. ನಾನು ದಯೆ ಎಂದುಕೊಂಡದ್ದು ಬರೇ ಪುಕ್ಕಲುತನ. ಬಾಯಿಲ್ಲದ ದನಗಳ ನೋವನ್ನು ಮುಟ್ಟಿ ತಿಳಿಯುವ ಕೆಲಸ ಮಾಡುತ್ತಿದ್ದವನು ನಾನು. ಡಬ್ಬಿ ತೆಗೆದುಕೊಂಡು ಹೋಗಿ ಎಂದು ಸುಮಿತ್ರಕ್ಕ ಎರಡು ಸಲ ಹೇಳಿದಳು. ಮುಟ್ಟಲು ಧೈರ್ಯ ಬರಲಿಲ್ಲ.

ಗಾಜಿನ ಮೇಲೆ ಟಕಟಕ ಸದ್ದಾಯಿತು. "ಅಜ್ಜ, ಕೇಳಿಸ್ತಾ ಇಲ್ವಾ? ಮತ್ತೆ ಮೊದಲಿಂದ ಮಾಡ್ತೀನಿ," ಎಂದು ಹುಡುಗಿ ಬಾಗಿಲು ಸರಿಸಿ ಹೇಳಿ ಹೋದಳು. ಬಲಗಿವಿಯದು ಪರವಾಗಿಲ್ಲ, ಕೈ ಮೇಲೆ ಹೋಗುತ್ತ ಬರುತ್ತ ಇತ್ತು. ಎಡಗಿವಿಗೆ ಬಂದಾಗ ಮೊದಲ ಕೆಲವು ಕೇಳಿಸಿದವು. ಆಮೇಲೆ ಏನೂ ಇಲ್ಲ.

ಏನೂ ಇಲ್ಲದ ಆ ಹೊತ್ತಿನಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಕನ್ನಡಕವಿಲ್ಲದಿದ್ದರೂ ಗಾಜಿನಾಚೆ ಹುಡುಗಿಯ ಬೆರಳು ಕಾಣುತ್ತಿತ್ತು. ಅವಳು ಶಬ್ದ ಕಳಿಸುವಾಗ ಬೆರಳು ಗುಂಡಿ ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಕೈ ಎತ್ತಿದರೆ ಸಾಕು, ಪರೀಕ್ಷೆ ಪಾಸು. ಅವಳ ಹಿಂದೆ ನನ್ನ ಹೆಂಡತಿ ನಿಂತಿದ್ದಳು. ಎರಡು ವರ್ಷ ಜಗಳ ಆಡಿದವಳು ಈಗ ನನ್ನ ಕೈಯನ್ನೇ ನೋಡುತ್ತಿದ್ದಳು, ಒಮ್ಮೆ ಎತ್ತಲಿ ಎಂದು ಅವಳ ಮುಖ ಬೇಡುತ್ತಿತ್ತು. ನನ್ನ ಬೆರಳುಗಳು ತೊಡೆಯಿಂದ ಅರ್ಧ ಎದ್ದವು.

ನಾನು ಕಣ್ಣು ಮುಚ್ಚಿಕೊಂಡೆ. ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಏನೂ ಕೇಳಿಸಲಿಲ್ಲ, ಕೈ ಎತ್ತಲಿಲ್ಲ.