ಅರ್ಧ ಇಂಚು ಹೊರಗಿನ ಗೆರೆ

ಕುಕನೂರಿನ ಟೇಲರ್ ಮದಾರಸಾಬನ ಹೊಲಿಗೆಗೆ ಹೆಸರಿಡುವವರಿಲ್ಲ. ಅವನ ಬಾಯಿಗೆ ಹೆಸರಿಡುವವರು ಊರ ತುಂಬ ಇದ್ದಾರೆ. ಎಪ್ಪತ್ತೆರಡರ ವಯಸ್ಸು, ಅದರಲ್ಲಿ ಐವತ್ತೈದು ವರ್ಷ ಹೊಲಿಗೆ ಮಷಿನ್ ತುಳಿಯುವುದರಲ್ಲೇ ಹೋಗಿದೆ. ಬೇರೆಯವರು ಹೊಲಿದ ಅಂಗಿ ಕಂಡರೆ ಸಾಕು, ಸಂತೆಯ ನಡುವೆಯೇ ತಡೆದು ನಿಲ್ಲಿಸಿ, "ಈ ಕಾಲರ್ ಯಾವ ಪುಣ್ಯಾತ್ಮ ಹಚ್ಯಾನಪಾ?" ಎಂದು ಕೇಳುವ ಆಸಾಮಿ.

ಅಂಥವನು ದೀಪಾವಳಿಯಿಂದೀಚೆಗೆ ಯಾರ ಬಟ್ಟೆಯನ್ನೂ ಮುಟ್ಟಿರಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರು ಬಲಸೊಂಟದ ಎಲುಬಿಗೆ ಹಬ್ಬಿತ್ತು. ಎರಡು ಸಲ ಮಷಿನ್ ತುಳಿದರೆ ಮೂರನೆಯದಕ್ಕೆ ಜೀವ ಬಾಯಿಗೆ ಬರುತ್ತಿತ್ತು. ಮನೆಯೊಳಗೂ ಗೋಡೆ ಹಿಡಿದೇ ನಡೆಯುತ್ತಿದ್ದ. ಬಟ್ಟೆ ತಂದವರಿಗೆ, "ವಾಪಸ್ ಒಯ್ರಿ, ಯಾವಾಗ ಆಗತೈತಿ ಅಂತ ಹೇಳಾಕ ಬರಂಗಿಲ್ಲ" ಎನ್ನುತ್ತಿದ್ದ. ರೋಗಕ್ಕಿಂತ ಆ ಮಾತೇ ಅವನನ್ನು ಹೆಚ್ಚು ತಿನ್ನುತ್ತಿತ್ತು.

ಹುಬ್ಬಳ್ಳಿಯ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಅಜ್ಜಾರ, ರೋಗ ಪೂರಾ ಹೋಗಂಗಿಲ್ರಿ. ನೀವು ಕರೆಂಟ್ ಕೊಡೋದು ಅಂತೀರಲ್ಲ, ಆ ರೇಡಿಯೇಶನ್ ಎಲುಬಿಗೆ ಒಂದು ಸಲ ಕೊಟ್ರ ನೋವು ಇಳೀಬಹುದು. ಭಾಳ ಮಂದಿಗೆ ಇಳದೈತಿ."

"ಮಷಿನ್ ತುಳಿಯಾಕ ಬರತೈತೇನ್ರಿ?" ಇವನಿಗೆ ಬೇಕಾಗಿದ್ದದ್ದು ಅದೊಂದೇ.

"ನೋಡೂಣ್ರಿ" ಎಂದರು ಡಾಕ್ಟರು.

ಗುರುವಾರ ಸ್ಕ್ಯಾನ್ ಆಯಿತು. ಅಲ್ಲಿನ ಟೆಕ್ನಿಷಿಯನ್ ವಿಜಯಲಕ್ಷ್ಮಿ ಕರೆಂಟ್ ಬೀಳಬೇಕಾದ ಜಾಗ ಗುರುತಿಸಿ ಸೊಂಟದ ಮೇಲೆ ಗೆರೆ ಎಳೆದು, "ಸೋಮವಾರದ ತನಕ ಇವು ಅಳಿಸಬಾರದ್ರಿ" ಎಂದಳು. ಮರುದಿನ ಶುಕ್ರವಾರ. ಸ್ನಾನ ಮಾಡದೆ ಜುಮ್ಮಾ ನಮಾಜಿಗೆ ಹೋದವನೇ ಅಲ್ಲ ಇವನು. ಹೆಂಡತಿ ಚಾಂದಬೀ ಬಚ್ಚಲ ಬಾಗಿಲು ಬಡಿದು ಬೇಡವೆಂದು ಕೂಗುತ್ತಿದ್ದಂತೆಯೇ ನಾಲ್ಕು ತಂಬಿಗೆ ಸುರಿದುಕೊಂಡ. ಗೆರೆ ಮಾಯ.

"ಈಗೇನ್ರಿ ಗತಿ?" ಎಂದಳು ಚಾಂದಬೀ.

"ಗೆರಿ ಎಳಿಯೋದು ನನಗ ಹೇಳಿಕೊಡ್ತೀಯೇನ?" ಎಂದವನೇ ಅಂಗಡಿಯ ಕನ್ನಡಿ ಮುಂದೆ ನಿಂತು, ಅಳತೆ ಬರೆಯುವ ಪೆನ್ನಿನಿಂದ ನೆಟ್ಟಗೆ ಎಳೆದುಕೊಂಡ. ಹಾಳಾದ ಕೈಚಳಕ!

ಸೋಮವಾರ ಮೇಜಿನ ಮೇಲೆ ಮಲಗಿಸಿ ನೋಡಿದ ವಿಜಯಲಕ್ಷ್ಮಿಗೆ ಒಂದೂ ತಾಳೆಯಾಗಲಿಲ್ಲ. "ಅಜ್ಜಾರ, ಈ ಗೆರಿ ನಾ ಎಳದದ್ದಲ್ರಿ."

"ನಾನೇ ಎಳದೀನಿ ಯವ್ವಾ," ಎಂದ ಹೆಮ್ಮೆಯಿಂದ. "ನಿನ್ನ ಗೆರಿಗಿಂತ ಅರ್ಧ ಇಂಚು ಹೊರಗ. ಹೊಲಿಗಿಗೆ ಅಂತ ಅಂಚು ಬಿಡಬೇಕಲ್ಲ."

"ಅಯ್ಯ ನನ ಶಿವನ! ಇದಕ್ಕ ಹೊಲಿಗಿ ಎಲ್ಲೈತ್ರಿ? ಕರೆಂಟ್ ಬ್ಯಾರೆ ಕಡೆ ಬಿದ್ದಿದ್ರ ಏನ್ ಮಾಡೋದು?"

ಮದಾರಸಾಬನ ಬಾಯಿ ಜೀವನದಲ್ಲಿ ಮೊದಲ ಸಲ ಒಣಗಿತು. "ವಾಪಸ್ ಕಳಿಸಿಬಿಡ್ತೀಯೇನ ಯವ್ವಾ?"

ಕಳಿಸಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿ, ಮತ್ತೆ ಗೆರೆ ಎಳೆದು, ಮಧ್ಯಾಹ್ನ ಕರೆಂಟ್ ಕೊಟ್ಟರು. ಬಿಸಿಯಾಗಲಿಲ್ಲ, ಚುಚ್ಚಲಿಲ್ಲ, ಹತ್ತೇ ನಿಮಿಷ. ಹೊರಗೆ ಬಂದವನು, "ಇಷ್ಟೇನ? ಒಂದು ಗುಂಡಿ ಕಾಜಾ ಮಾಡಾಕೂ ಇದಕ್ಕಿಂತ ಹೆಚ್ಚು ಹೊತ್ತು ಹಿಡಿತೈತಿ" ಎಂದು ಚಾಂದಬೀ ಮುಂದೆ ಗೊಣಗಿದ.

ಮೊದಲ ಎರಡು ದಿನ ನೋವು ಹೆಚ್ಚಾಯಿತು. ಹಾಗಾಗಬಹುದೆಂದು ಮೊದಲೇ ಹೇಳಿ ಗುಳಿಗೆ ಕೊಟ್ಟಿದ್ದರು. ಆದರೂ ಅವನು ವಿಜಯಲಕ್ಷ್ಮಿಯೊಬ್ಬಳನ್ನು ಬಿಟ್ಟು ದವಾಖಾನೆಯವರನ್ನೆಲ್ಲ ಬೈದ. ಮೂರನೆಯ ವಾರ ಒಂದು ದಿನ ತಾನೇ ಎದ್ದು ನೀರು ಕುಡಿದು ಬಂದು ಕೂತ.

"ಏನ್ರಿ, ಗ್ವಾಡಿ ಹಿಡೀಲೇ ಇಲ್ಲಲ್ಲ!" ಎಂದಳು ಚಾಂದಬೀ. ಆಗಲೇ ಅವನಿಗೂ ಅದು ಗೊತ್ತಾದದ್ದು.

ಮರುದಿನ ಮಷಿನ್ನಿಗೆ ಎಣ್ಣೆ ಬಿಟ್ಟು ಮೆಲ್ಲಗೆ ತುಳಿದ. ಮೂರು, ಹತ್ತು, ಇಪ್ಪತ್ತು. ಸೊಂಟ ಸಣ್ಣಗೆ ಜಗ್ಗಿತೇ ಹೊರತು ಕೂಗಿಸಲಿಲ್ಲ. ಆ ಹೊತ್ತಿಗೆ ಅಂಗಡಿ ಮುಂದೆ ಹಾಯುತ್ತಿದ್ದ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಅನುಸೂಯಾ ಮಷಿನ್ ಸದ್ದು ಕೇಳಿ, ಮನೆಗೆ ಓಡಿಹೋಗಿ ಸೀರೆಗೆ ತೊಡುವ ಜಂಪರಿನ ಬಟ್ಟೆ ತಂದಳು.

"ಹೊಲೀತೀರೇನ್ರಿ ಚಾಚಾ? ಯಾವಾಗ ಬರಲಿ?"

ಮದಾರಸಾಬ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. "ಬರೋ ಮಂಗಳವಾರ ಬಾ" ಎಂದ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಚಾಂದಬೀಯ ಕೈ ನಿಂತಿತು. ಎಂಟು ತಿಂಗಳ ಮೇಲೆ ಅವಳ ಗಂಡ ಮುಂದಿನ ವಾರದ ಮಾತಾಡಿದ್ದ.